ಗಟ್ಟಿಯಾಗಿ ಓದಿದ ಎರಡು ಸಾಲು

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಹುಟ್ಟಿದೂರು ಮಳವಳ್ಳಿ. ಮಂಡ್ಯದಲ್ಲಿ ಒಂದು ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅಮ್ಮನ ಹತ್ತಿರ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ವಾಪಸಾಗುತ್ತಿದ್ದೆ. ಕೆಲಸಕ್ಕೆ ಸೇರಿದಾಗ ಇದ್ದ ಹುರುಪು ಆರು ವರ್ಷಕ್ಕೇ ಸವೆದುಹೋಗಿತ್ತು. ಹೈಸ್ಕೂಲಿನವರೆಗೆ ಕನ್ನಡದಲ್ಲೇ ಓದಿದ ಮಕ್ಕಳು ಮಿಕ್ಕೆಲ್ಲದರಲ್ಲೂ ಪಾಸಾಗಿ ನನ್ನ ವಿಷಯದಲ್ಲಿ ಬೀಳುತ್ತಿದ್ದರು. ಜೂನ್‌ನಲ್ಲಿ ಬೆಂಚು ಸಾಲದಷ್ಟು ತುಂಬುತ್ತಿದ್ದ ತರಗತಿ ಸಂಕ್ರಾಂತಿ ಹೊತ್ತಿಗೆ ಅರ್ಧ ಖಾಲಿಯಾಗುತ್ತಿತ್ತು. ಬಿಟ್ಟು ಹೋದವರ ಮನೆಗೆ ಹೋಗಿ ಕರೆತರುವ ಕೆಲಸವನ್ನು ಪ್ರಿನ್ಸಿಪಾಲರು ನನಗೇ ಕಟ್ಟಿದ್ದರು. ಹೊಳಲು ಎಂಬ ಹಳ್ಳಿಯಲ್ಲಿ ಒಬ್ಬನನ್ನು ಹೇಗೋ ಒಪ್ಪಿಸಿ ಬಂದರೆ, ಅಷ್ಟರಲ್ಲಿ ಇನ್ನೆಲ್ಲೋ ಇಬ್ಬರು ಬಿಟ್ಟಿರುತ್ತಿದ್ದರು.

ಆ ವರ್ಷ ಆತಗೂರು ಕಡೆಯ ಹಳ್ಳಿಯೊಂದರಿಂದ ಒಬ್ಬ ಹುಡುಗಿ ಎರಡನೇ ಪಿಯುಸಿಗೆ ಬರುತ್ತಿದ್ದಳು. ಆ ಊರಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಹೆಣ್ಣುಮಗಳು ಅವಳೊಬ್ಬಳೇ. ಬೆಳಿಗ್ಗೆ ಬಸ್ಸಿನಲ್ಲಿ ಮದ್ದೂರಿಗೆ, ಅಲ್ಲಿಂದ ಷಟಲ್ ರೈಲಿನಲ್ಲಿ ಮಂಡ್ಯಕ್ಕೆ. ಮೂರನೇ ಬೆಂಚಿನ ಕೊನೆಯಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಳು. ದಸರಾ ರಜೆ ಕಳೆದ ಮೇಲೆ ಕೆಲವು ದಿನ ಬಂದು, ಆಮೇಲೆ ಬರುವುದನ್ನೇ ನಿಲ್ಲಿಸಿಬಿಟ್ಟಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರಿನ ಗುರುತು ಹಾಕುತ್ತಾ ಹೋದೆ. ಮದುವೆ ಗೊತ್ತಾಗಿರಬೇಕು ಎಂದುಕೊಂಡೆ. ಹೆಣ್ಣುಮಕ್ಕಳು ಬಿಟ್ಟಾಗ ನಾವೆಲ್ಲ ಹಾಗೇ ಅಂದುಕೊಂಡು ಸುಮ್ಮನಾಗುತ್ತಿದ್ದೆವು.

ಡಿಸೆಂಬರಿನ ಒಂದು ಶನಿವಾರ, ಮಳವಳ್ಳಿಗೆ ಹೋಗುವುದನ್ನು ಬಿಟ್ಟು, ಮನಸ್ಸಿಲ್ಲದ ಮನಸ್ಸಿನಿಂದ ಅವಳ ಊರಿಗೆ ಹೋದೆ. ಅವಳ ತಾಯಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವರು ಕೈ ತೊಳೆದು ಬಂದು, ಜಗಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ತಂದುಕೊಟ್ಟರು.

"ಮದುವೆ ಏನಾದರೂ ಗೊತ್ತಾಯ್ತಾ?" ಎಂದು ಕೇಳಿದೆ.

"ಯಾವ ಮದ್ವೆಯೂ ಇಲ್ಲ ಕಣಮ್ಮ. ಕಾಲೇಜು ಬುಡು ಅಂತ ನಾವ್ಯಾರೂ ಏಳ್ನಿಲ್ಲ. ಅವರಪ್ಪ ದಿನಾ ಬಯ್ತದೆ, ವೋಗು ಅಂತ. ಯಾಕ್ ಬುಟ್ಟೆ ಅಂದ್ರೆ ಬಾಯೇ ಬುಡಾಕಿಲ್ಲ. ನೀವೇ ಕೇಳಿ."

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಕೇಳಿದ್ದಕ್ಕೆಲ್ಲ "ಇಂಗ್ಲಿಷ್ ಬರಾಕಿಲ್ಲ ಮೇಡಂ" ಎಂಬ ಒಂದೇ ಉತ್ತರ. ತಾಯಿ ಎದುರಿಗಿದ್ದಷ್ಟು ಹೊತ್ತೂ ಅದನ್ನೇ ಹೇಳಿದಳು. ನನಗೂ ಸಾಕಾಗಿ ಎದ್ದೆ. ಬಸ್ಸು ನಿಲ್ಲುವ ಜಾಗದವರೆಗೆ ಬಿಟ್ಟುಬರಲು ಜೊತೆಗೆ ಬಂದವಳು, ಊರು ದಾಟಿದ ಮೇಲೆ ತಾನಾಗಿ ಬಾಯಿಬಿಟ್ಟಳು.

"ನನ್ನ ಉತ್ತರ ಕ್ಲಾಸಲ್ಲಿ ಓದಿದ್ರಲ್ಲ ಮೇಡಂ. ಅದನ್ನ ಟ್ರೈನಲ್ಲಿ ದಿನಾ ಓದ್ತಾರೆ."

ನನಗೆ ತಕ್ಷಣ ನೆನಪಾಗಲಿಲ್ಲ. ಅವಳೇ ಹೇಳಬೇಕಾಯಿತು. ನಿಮ್ಮ ಮನೆಯ ಬಗ್ಗೆ ಬರೆಯಿರಿ ಎಂದು ದಸರಾ ಮುಂಚಿನ ಪರೀಕ್ಷೆಯಲ್ಲಿ ಕೇಳಿದ್ದೆ. ಅವಳು ಬರೆದಿದ್ದ ಎರಡು ಸಾಲು ಇಂಗ್ಲಿಷಿನಲ್ಲಿ, ತನಗೆ ಒಬ್ಬ ತಾಯಿ ಎರಡು ಎಮ್ಮೆ ಇವೆಯೆಂದೂ, ಅವರೆಲ್ಲ ಬೆಳಿಗ್ಗೆ ಸಂಜೆ ಹಾಲು ಕೊಡುತ್ತಾರೆಂದೂ ಅರ್ಥ ಬರುತ್ತಿತ್ತು. ತಪ್ಪು ತೋರಿಸಲು ಅದನ್ನು ಗಟ್ಟಿಯಾಗಿ ಓದಿದ್ದೆ. ಹೆಸರು ಹೇಳಿರಲಿಲ್ಲ. ಅಷ್ಟು ಮಾಡಿದರೆ ಮರ್ಯಾದೆ ಉಳಿಸಿದಂತೆ ಎಂದುಕೊಂಡಿದ್ದೆ. ತರಗತಿ ನಕ್ಕಿತ್ತು. ನಿಜ ಹೇಳಬೇಕೆಂದರೆ ನಾನೂ ನಕ್ಕಿದ್ದೆ. ಅವತ್ತು ಎಲ್ಲರೂ ನಕ್ಕರೂ ತಲೆ ಎತ್ತದೆ ಕೂತವಳನ್ನು ಪಕ್ಕದವರು ನೋಡಿದರು, ಯಾರ ಉತ್ತರ ಎಂದು ತಿಳಿಯಿತು. ಮರುದಿನದಿಂದ ಮದ್ದೂರು ಸ್ಟೇಷನ್ನಿನಲ್ಲಿ ಅವಳು ರೈಲು ಹತ್ತಿದರೆ ಸಾಕು, ನಾಲ್ಕೈದು ಹುಡುಗರು ಎಮ್ಮೆಯಂತೆ ಕೂಗುವರು, ಇವತ್ತು ಅವ್ವ ಎಷ್ಟು ಸೇರು ಹಾಲು ಕೊಟ್ಟಳು ಎಂದು ಕೇಳುವರು.

"ಅವ್ವನ ಮುಂದೆ ಇದನ್ನ ಎಂಗೆ ಏಳ್ಲಿ?" ಎಂದಳು.

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳುವ ಕೆಲಸವಾದರೂ ನನಗೆ ಇರುತ್ತಿತ್ತು. "ನನ್ನಿಂದ ತಪ್ಪಾಯಿತಮ್ಮ" ಎಂದೆ. ಆ ಹುಡುಗರನ್ನು ಪ್ರಿನ್ಸಿಪಾಲರ ಹತ್ತಿರ ಕರೆಸುತ್ತೇನೆ ಎಂದರೆ, "ಬ್ಯಾಡಿ ಮೇಡಂ, ಅಲ್ಲಿ ಬಯ್ದ್ರೆ ಟ್ರೈನಲ್ಲಿ ಇನ್ನೂ ಜಾಸ್ತಿ ಮಾಡ್ತಾರೆ" ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಹತ್ತುವ ಮುಂಚೆ, ಏನು ಮಾಡಬೇಕೆಂದು ಗೊತ್ತಿಲ್ಲದೆಯೇ, "ಸೋಮವಾರ ಮದ್ದೂರು ಸ್ಟೇಷನ್ನಿಗೆ ಬಾ, ನಾನು ಅಲ್ಲಿರುತ್ತೇನೆ" ಎಂದುಬಿಟ್ಟೆ.

ಸೋಮವಾರ ಅವಳು ಬಂದಳು. ಆಡಿದ ಮಾತಿಗೆ ಎರಡು ತಿಂಗಳು ದುಡಿದೆ. ಬೆಳಿಗ್ಗೆ ಎದ್ದು ಚಿತ್ರಾನ್ನವೋ ಉಪ್ಪಿಟ್ಟೋ ಡಬ್ಬಿಗೆ ತುಂಬಿಕೊಂಡು, ಮಂಡ್ಯದಿಂದ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ, ಅವಳ ಜೊತೆ ರೈಲು ಹತ್ತಿ ಮತ್ತೆ ಮಂಡ್ಯಕ್ಕೆ. ಮೊದಲ ದಿನ ಹುಡುಗರು ನನ್ನನ್ನು ಕಂಡು ಬೇರೆ ಬೋಗಿಗೆ ಹೋದರು. ಎರಡನೇ ವಾರದ ಹೊತ್ತಿಗೆ ಅವರಿಗೂ ಬೇಸರವಾಗಿರಬೇಕು, ತಮ್ಮ ಪಾಡಿಗೆ ಕೂತಿರುತ್ತಿದ್ದರು. ನಾವಿಬ್ಬರೂ ಕಿಟಕಿ ಪಕ್ಕ ಕೂತು ಪಾಠ ಓದುತ್ತಿದ್ದೆವು. ನಡುವಿನ ಹನಕೆರೆ ಸ್ಟೇಷನ್ ದಾಟುವಷ್ಟರಲ್ಲಿ ಒಂದು ಪುಟವಾದರೆ ಹೆಚ್ಚು. ಎಷ್ಟೋ ದಿನ ಅವಳು ಓದುತ್ತಿದ್ದಂತೆಯೇ ನನಗೆ ತೂಕಡಿಕೆ ಬಂದುಬಿಡುತ್ತಿತ್ತು. ಕಣ್ಣು ಬಿಟ್ಟರೆ ಅವಳು ಓದುವುದನ್ನು ನಿಲ್ಲಿಸಿ, ನನ್ನ ಪುಸ್ತಕ ಜಾರದಂತೆ ಹಿಡಿದುಕೊಂಡಿರುತ್ತಿದ್ದಳು.

ಹಾಜರಿ ಸಾಲದವರ ಪಟ್ಟಿ ಗೋಡೆಗೆ ಅಂಟಿದಾಗ ಅವಳ ಹೆಸರು ಅದರಲ್ಲಿತ್ತು. ಹಾಲ್ ಟಿಕೆಟ್ ಸಿಗುವಂತಿರಲಿಲ್ಲ. ಕಾಯಿಲೆಯಾಗಿತ್ತು ಎಂದು ಡಾಕ್ಟರ ಚೀಟಿ ತಂದುಬಿಡಲಿ ಎಂದು ಆಫೀಸಿನ ಗುಮಾಸ್ತರು ದಾರಿ ತೋರಿಸಿದರು. ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಅವಳಿಗೆ ಹೇಳಿದರೆ, "ನಂಗ್ಯಾವ ಕಾಯ್ಲೆಯೂ ಇರ್ನಿಲ್ವಲ್ಲ ಮೇಡಂ" ಎಂದಳು.

ಕೊನೆಗೆ ನಾನೇ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಇದನ್ನೆಲ್ಲ ಬರವಣಿಗೆಯಲ್ಲಿ ಕೊಡ್ತಾರೇನಮ್ಮ? ನಾಳೆ ನಿಮಗೇ ತೊಂದರೆ."

"ಅದು ನಿಮ್ಮ ಹತ್ತಿರವೇ ಇರಲಿ ಸಾರ್. ಅವಳು ಪರೀಕ್ಷೆಗೆ ಕೂರಲಿ."

ಅವರು ಹಾಳೆಯನ್ನು ಮಡಿಚಿ ಡ್ರಾಯರಿಗೆ ಹಾಕಿದರು. ಪಟ್ಟಿ ತರಿಸಿ ಅವಳ ಹೆಸರಿನ ಮೇಲೆ ಗೆರೆ ಎಳೆದು ರುಜು ಹಾಕಿದರು. ಹೊರಗೆ ಬಂದು ಸ್ಟಾಫ್ ರೂಮಿನಲ್ಲಿ ಕೂತು ನೀರು ಕುಡಿದೆ.

ಇಷ್ಟೆಲ್ಲ ಮಾಡಿಯೂ ಅವಳು ಇಂಗ್ಲಿಷಿನಲ್ಲಿ ಫೇಲಾದಳು. ಬೇಸಿಗೆಯೆಲ್ಲ ವಾರಕ್ಕೊಮ್ಮೆ ಬಂದು ನನ್ನ ಕೋಣೆಯಲ್ಲಿ ಓದಿ, ಅಕ್ಟೋಬರಿನ ಪರೀಕ್ಷೆಯಲ್ಲಿ ಅಂಚಿನ ಮೇಲೆ ಪಾಸಾದಳು. ವರ್ಗಾವಣೆ ಪತ್ರ ತೆಗೆದುಕೊಳ್ಳಲು ತಾಯಿಯ ಜೊತೆ ಬಂದವಳನ್ನು, ಬಿ.ಎ. ಸೇರುತ್ತೀಯಾ ಎಂದು ಕೇಳಿದೆ.

"ಇಲ್ಲ ಮೇಡಂ. ಮೈಸೂರಲ್ಲಿ ನರ್ಸ್ ಟ್ರೈನಿಂಗ್‌ಗೆ ಅರ್ಜಿ ಆಕಿವ್ನಿ. ಅಲ್ಲೇ ಆಸ್ಟೆಲ್ ಕೊಡ್ತಾರೆ" ಎಂದಳು. ತಾಯಿ ನನ್ನ ಕೈ ಹಿಡಿದುಕೊಂಡು, "ನಿಮ್ಮಿಂದ ಆಯ್ತು ಕಣಮ್ಮ, ನಮ್ಮುಡುಗಿ ಓದಿದ್ದು" ಎಂದರು. ಆ ತಾಯಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು "ಅವಳೇ ಕಷ್ಟಪಟ್ಟು ಓದಿದಳು" ಎಂದಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಲು ಧೈರ್ಯ ಬರಲಿಲ್ಲ. ಅವರು ಹೊರಟ ಮೇಲೆ ನನಗೆ ಹೆಮ್ಮೆಯಾಯಿತು ಎಂದರೆ ಸುಳ್ಳಾಗುತ್ತದೆ. ಆಯಾಸವಾಗಿತ್ತು, ಅಷ್ಟೇ. ಆ ವರ್ಷ ಹೊಸದಾಗಿ ಸೇರಿದ ಮಕ್ಕಳಲ್ಲಿ ಆಗಲೇ ಮೂವರು ಬರುವುದನ್ನು ನಿಲ್ಲಿಸಿದ್ದರು. ಅವರಲ್ಲಿ ಒಬ್ಬ ಶಿವನಸಮುದ್ರದವನು. ಶನಿವಾರ ಮಳವಳ್ಳಿಯಲ್ಲಿ ಅಮ್ಮನಿಗೆ ಮುಖ ತೋರಿಸಿ, ಭಾನುವಾರ ಅಲ್ಲಿಗೆ ಹೋಗಿಬರುವುದೆಂದು ಗೊತ್ತುಮಾಡಿಕೊಂಡು ತರಗತಿಗೆ ಎದ್ದೆ.