ಅತ್ತೆಯ ಕರಟದ ಅಳತೆ

ನಮ್ಮ ಅತ್ತೆ ಸಿದ್ದಗಂಗಮ್ಮನವರ ಬಾಯಿಂದ ಒಂದು ಅಡುಗೆಯ ಅಳತೆ ಹೊರಡಿಸುವಷ್ಟರಲ್ಲಿ ನನ್ನ ತಲೆ ಕೆಟ್ಟುಹೋಗುತ್ತದೆ. ಕಾಲು ಕೆಜಿ ಬೆಲ್ಲವೂ ಕಾಲು ಕೆಜಿ ಅವಲಕ್ಕಿಯೂ ಅವರಿಗೆ ಒಂದೇ ಕರಟ. ಎಷ್ಟು ಗ್ರಾಂ ಎಂದು ಕೇಳಿದರೆ, “ಒಂದ್ ಕರಟ ಕಣೇ” ಎನ್ನುತ್ತಾರೆ, ಯಾವ ಕಾಯಿಯ ಕರಟ ಎಂದರೆ, “ಬಾವಿ ಪಕ್ಕದ ಮರದ್ದು.” ಅದರೊಳಗೆ ಹೆಬ್ಬೆರಳು ಇಳಿಬಿಟ್ಟುಕೊಂಡೇ ತುಂಬುವುದರಿಂದ, ಪ್ರತಿ ಸಲವೂ ಬೆರಳಿನಷ್ಟು ಅಕ್ಕಿ ಕಡಿಮೆ. ಬೆರಳು ತೆಗೆಯಿರಿ ಎಂದು ಹೇಳಿ ಹೇಳಿ ಸಾಕಾಗಿ, ನಿನ್ನೆ ತಿಪಟೂರಿನಿಂದ ಡಿಜಿಟಲ್ ತಕ್ಕಡಿಯನ್ನೇ ತಂದು ಅವರ ಮುಂದಿಟ್ಟೆ, ಇನ್ನು ಮೇಲೆ ನೀವೇ ಓದಿ ಹೇಳಿ ಎಂದೆ. ಅವರು ಮೂಗು ತಾಗುವಷ್ಟು ಬಗ್ಗಿದರು. ಹೊಳೆಯುತ್ತಿದ್ದ ದಪ್ಪ ಕೆಂಪು ಅಂಕಿಗಳ ಮೇಲೆ ಮೆಲ್ಲಗೆ ಅದೇ ಹೆಬ್ಬೆರಳು ಆಡಿಸಿ, “ಎಲ್ ಬರ್ದೈತೆ, ಕಣ್ಣಿಗಂತೂ ಎಲ್ಲಾ ಮಬ್ಬು, ಬೆರಳಿಗೂ ಸಿಗ್ತಾನೇ ಇಲ್ವಲ್ಲ ಕಣೇ” ಎಂದರು.