ಹೆಸರು ಕತ್ತರಿಸಿದ ಮೂಕಿ ಚಿತ್ರ

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಹೊನ್ನಾವರ, ಕುಮಟಾ, ಭಟ್ಕಳದ ಟೂರಿಂಗ್ ಟಾಕೀಸುಗಳಲ್ಲಿ ನನ್ನಷ್ಟು ನಾಜೂಕಾಗಿ ತುಂಡಾದ ಫಿಲ್ಮು ಜೋಡಿಸುವವ ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ. ಬೇರೆ ಯಾರೂ ಹೇಳಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಭಟ್ಕಳದ ಗುಜರಿ ಅಂಗಡಿಯಲ್ಲಿ ನನಗೆ ತುಕ್ಕು ಹಿಡಿದ ಐದು ಡಬ್ಬಿ ಸಿಕ್ಕವು. ಒಳಗೆ ವಿದೇಶದ ಮೂಕಿ ಹಾಸ್ಯಚಿತ್ರಗಳು, ಯಾರೂ ಕಂಡಿರದ ನಟರು. ಒಂದರಲ್ಲಿ ಒಬ್ಬ ಸಣಕಲ ಬಾಗಿಲಿಗೆ ಬಣ್ಣ ಹೊಡೆಯುತ್ತಾನೆ. ಪ್ರತಿ ಸಲವೂ ಯಾರೋ ಬಾಗಿಲು ತೆಗೆದು ಮುಖಕ್ಕೆ ಬಣ್ಣ ಬಳಿಸಿಕೊಳ್ಳುತ್ತಾರೆ. ಅವನು ನಗುವುದಿಲ್ಲ, ಕೆಲಸ ಬಿಡುವುದೂ ಇಲ್ಲ. ನಮ್ಮ ಪೈಕಿಯವನೇ ಅನ್ನಿಸಿತು.

ಮುಖ್ಯ ಚಿತ್ರಕ್ಕೆ ಮೊದಲು ಅದನ್ನು ತೋರಿಸುತ್ತಿದ್ದೆ. ನಡುವೆ ಇಂಗ್ಲಿಷ್ ಬರಹ ಬಂದಾಗಲೆಲ್ಲ ಡೇರೆಯಲ್ಲಿ ಗದ್ದಲ.

"ಓದೂಕೆ ಬಂದದ್ದಾ ನಾವು? ಶಾಲೆ ಬಿಟ್ಟದ್ದೇ ಅದ್ಕೆ ಮಾರಾಯ," ಎನ್ನುತ್ತಿದ್ದರು ಮೀನುಗಾರರು.

ಮಾತು ನ್ಯಾಯವಾಗಿತ್ತು. ವಾರವಿಡೀ ಕೂತು ಬರಹವನ್ನೆಲ್ಲ, ಮೊದಲಿಗೆ ಬರುವ ಚಿತ್ರದ ಹೆಸರನ್ನೂ, ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಿದೆ. ತುಂಡುಗಳನ್ನು ಕುಮಟೆ ಹತ್ತಿರದ ಕಾಗಾಲದ ನನ್ನ ಮಾವ ಹಕ್ಕಿ ಓಡಿಸಲು ಗದ್ದೆಯ ಬೇಲಿಗೆ ಕಟ್ಟಿದ.

ಎಂಬತ್ತರ ದಶಕದ ನಡುವೆ, ಹಳೆಯ ಚಿತ್ರ ಹುಡುಕುತ್ತಿದ್ದ ಮಾಸ್ತರರೊಬ್ಬರು ಕುಮಟೆಯ ನಮ್ಮ ಮನೆಗೆ ಬಂದರು. ಒಳ್ಳೆಯದು ಸಿಕ್ಕಿದರೆ ಮುಂಬಯಿಯ ಸಂಗ್ರಹಾಲಯಕ್ಕೆ ಕಳಿಸುತ್ತಾರಂತೆ, ಕೊಟ್ಟವರ ಹೆಸರು ಡಬ್ಬಿಯ ಮೇಲೆ ಬರೆಯುತ್ತಾರಂತೆ. ಸುದ್ದಿ ಮೊದಲೇ ಬಂದಿತ್ತು; ಆ ಹೆಸರಿನ ಆಸೆಗೆ ನಾನು ಎರಡು ದಿನ ಪ್ರೊಜೆಕ್ಟರ್ ಯಂತ್ರ ಒರೆಸಿದ್ದೆ.

ಗೋಡೆಯ ಮೇಲೆ ಸಣಕಲನನ್ನು ನೋಡಿ ಮಾಸ್ತರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದು ಇನ್ನೆಲ್ಲೂ ಉಳಿದಿರಲಿಕ್ಕಿಲ್ಲ. ಚಿತ್ರದ ಹೆಸರೆಂತ?"

"ಹೆಸರು ಗಿಸರು ಎಲ್ಲ ತೆಗದು ಚೊಕ್ಕ ಮಾಡಿಟ್ಟಿದ್ದೆ," ಎಂದೆ, ಹೆಮ್ಮೆಯಿಂದಲೇ.

ಅವರ ನಗು ನಿಂತಿತು. ಕತ್ತರಿಸಿದ ತುಂಡು ಉಳಿದಿದೆಯೋ ನೋಡಲು ಸೈಕಲ್ ಮೇಲೆ ಇಬ್ಬರೂ ಕಾಗಾಲಕ್ಕೆ ಹೋದೆವು. ಮಾವ ಬೇಲಿಯಿಂದ ಬಿಳಿಚಿಕೊಂಡ ಒಂದು ಪಟ್ಟಿ ಬಿಚ್ಚಿ ಕೊಟ್ಟ. "ಮಳೆಗೆ ಎಲ್ಲ ತೊಳದು ಹೋತು. ಹಕ್ಕಿಯೂ ಹೆದರ್ಲಿಲ್ಲ."

ಮಾಸ್ತರರು ಬಹಳ ಹೊತ್ತು ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಕೊನೆಗೆ, "ಹೆಸರಿಲ್ಲದೆ ತಗಳ್ತಾರೋ ಇಲ್ವೋ, ಕಳಿಸಿ ನೋಡುವ," ಎಂದು ಡಬ್ಬಿಗೆ ಅಂಟಿಸುವ ಚೀಟಿಯಲ್ಲಿ 'ಬರಹ ಕಳೆದಿದೆ' ಎಂದು ಬರೆದರು.

"ಕಳದದ್ದಲ್ಲ, ಕತ್ತರಿಸಿದ್ದು," ಎಂದೆ. "ಜೋಡಣೆ ಒಂದೂ ಬಿಚ್ಚಿ ಬಂದಿಲ್ಲ ಅಂತಲೂ ಬರೀರಿ."

"ಕತ್ತರಿಸಿದವ ಯಾರು ಅಂತ ಕೇಳ್ತಾರಲ್ಲ."

"ಕೇಳ್ಲಿ. ನನ್ನ ಹೆಸರು ಹಾಕಿ."

ಹಾಕಿದರು.