ಕತ್ತರಿ ದೊಡ್ಡಮ್ಮನ ಬಲಗಾಲು

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ಕರೆಯುವುದು ‘ಕತ್ತರಿ’ ಅಂತಲೇ. ಬಟ್ಟೆ ಹೊಲಿಯುವವಳು, ಸರಿ. ಆದರೆ ಆ ಹೆಸರು ಬಂದದ್ದು ನಾಲಿಗೆಯಿಂದ. ನನಗೂ ಅದೇ ನಾಲಿಗೆ ಬಂದಿದೆಯಂತೆ, ಅನ್ನಲಿ ಬಿಡಿ. ತಾಯಿಯಿಲ್ಲದ ನನ್ನನ್ನು ಅವಳು ಬಲಗಾಲಲ್ಲಿ ಮೆಷಿನ್ ತುಳಿದೇ ಸಾಕಿದಳು. ಬೆರಳಿಗೆ ಸೂಜಿ ಚುಚ್ಚಿ ಗಿರಾಕಿಯ ಬಟ್ಟೆಗೆ ರಕ್ತ ತಾಗಿದರೆ, ಒಣಗುವ ಮೊದಲೇ ನಮ್ಮ ಉಗುಳನ್ನೇ ಹಚ್ಚಿ ಉಜ್ಜಬೇಕು ಎಂಬುದು ಅವಳು ನನಗೆ ಕಲಿಸಿದ ಮೊದಲ ಪಾಠ.

ಸಕ್ಕರೆ ಕಾಯಿಲೆಗೆ ಅವಳ ಪಾದಗಳು ಮರಗಟ್ಟಿದ್ದವು. ನೆಲಕ್ಕೆ ಬಿದ್ದ ತನ್ನದೇ ಸೂಜಿ ಬಲ ಅಂಗಾಲಿಗೆ ಹೊಕ್ಕಿದ್ದು ಅವಳಿಗೆ ಗೊತ್ತೇ ಆಗಲಿಲ್ಲ, ತುಳಿಯುತ್ತಲೇ ಇದ್ದಳು. ವಾಸನೆ ಬಂದಾಗ ಚಪ್ಪಲಿ ಬಿಡಿಸಿ ನೋಡಿದೆ, ಗಾಯ ಕೊಳೆತಿತ್ತು. ಯಾವ ಮುಲಾಮಿಗೂ ಗಾಯ ಜಗ್ಗಲಿಲ್ಲ. ಕೊನೆಗೆ ಡಾಕ್ಟರು, ಪಾದವನ್ನೇ ತೆಗೆಯಬೇಕಾದೀತು ಎಂದರು.

“ಅಳತೆ ತಗೊಳ್ದೆ ಕತ್ತರಿ ಹಾಕ್ತೀರಾ? ಬಟ್ಟೆ ಆದ್ರೆ ಬೇರೆ ತರಬಹುದು, ಕಾಲು ಎಲ್ಲಿಂದ ತರ್ತೀರಿ?” ಎಂದಳು ದೊಡ್ಡಮ್ಮ.

ಡಾಕ್ಟರಿಗೆ ನಗು ಬಂತು. “ಔಷಧಿ, ಡ್ರೆಸಿಂಗ್ ಜೊತೆಗೆ ಆಮ್ಲಜನಕದ ಚಿಕಿತ್ಸೆನೂ ಕೊಟ್ಟು ನೋಡೋಣ. ಖಾತ್ರಿ ಹೇಳಲ್ಲ. ಗಾಯದ ಅಂಚಿಗೆ ಜೀವ ಬಂದ್ರೆ ಪಾದ ಉಳಿಯುತ್ತೆ. ಇಲ್ಲಾಂದ್ರೆ ಕತ್ತರಿ ನಾನೇ ಹಿಡೀಬೇಕು.”

ಆಮ್ಲಜನಕ ಕೊಡುವ ಕೋಣೆಯಲ್ಲಿ ಗಾಜಿನಂಥ ದೊಡ್ಡ ಕೊಳವೆ ಇತ್ತು, ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ. ತಲೆಗೆ ಎಣ್ಣೆ ಬೇಡ, ಮೈಮೇಲೆ ಲೋಹ ಕೂಡದು, ಒಳಗೆ ತುಂಬುವುದು ಬರೀ ಆಮ್ಲಜನಕ, ಒಂದು ಕಿಡಿ ಸಾಕು ಎಂದು ಯಂತ್ರ ನೋಡಿಕೊಳ್ಳುವಾತ ಹೇಳಿದ. ದೊಡ್ಡಮ್ಮ ಆಸ್ಪತ್ರೆಯ ಹತ್ತಿ ನಿಲುವಂಗಿ ತೊಟ್ಟು ಬಂದಳು. ಆತ ತಡೆದ. “ಅಮ್ಮಾ, ಕುತ್ತಿಗೆ ಹತ್ರ ಏನದು?”

ಸೂಜಿ! ಬಟ್ಟೆ ಬದಲಿಸುವಾಗ ಕೈ ತನ್ನ ಪಾಡಿಗೆ ತಾನು ಅದನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಚುಚ್ಚಿತ್ತು.

“ಈ ಹಾಳು ಸೂಜಿ ಇಷ್ಟು ಮಾಡಿದ್ದು ಸಾಲ್ದಾ ನಿಂಗೆ?” ಎಂದು ರೇಗಿದೆ.

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ.”

“ಸುಡೋ ಮಾತು ಮಾತ್ರ ಇಲ್ಲಿ ಬೇಡಮ್ಮಾ,” ಎಂದ ಆತ, ಸೂಜಿ ಕಿತ್ತುಕೊಂಡು.

ಬಾಗಿಲು ಮುಚ್ಚಿತು, ಒತ್ತಡ ಏರತೊಡಗಿತು. ಆಳದ ನೀರಿಗೆ ಮುಳುಗಿದಷ್ಟು ಒತ್ತಡವಂತೆ, ಮೈ ಮಾತ್ರ ಒದ್ದೆಯಾಗದು. ಕಿವಿ ಕಟ್ಟಿದಾಗಲೆಲ್ಲ ಅವಳು ಉಗುಳು ನುಂಗುವುದು ಕಾಣುತ್ತಿತ್ತು. ನಾವು ಗೊತ್ತೇ ಇಲ್ಲದೆ ಎಳೆದು ಬಿಡುವ ಗಾಳಿಯ ಒಂದು ಪಾಲು ಈ ಆಮ್ಲಜನಕ. ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಕರಗಿ, ಯಾವ ಮುಲಾಮೂ ಮುಟ್ಟದ ಅಂಗಾಲಿನ ತನಕ ಹೋಗುತ್ತದೆಯಂತೆ! ಅಬ್ಬಾ! ಕೊಳವೆಗೆ ಮೂಗು ಒತ್ತಿ ನೋಡಿದೆ. ಒಳಗೆ ಅವಳಿಗೆ ನಿದ್ದೆ ಹತ್ತಿತ್ತು. ಬಲಗಾಲು ನಿದ್ದೆಯಲ್ಲೇ ಮೆಲ್ಲಗೆ ಮೆಷಿನ್ ತುಳಿಯುತ್ತಿತ್ತು.

ವಾರಗಟ್ಟಲೆ ಹೋಗಿ ಬಂದೆವು. ತೀರ್ಮಾನದ ದಿನ ಡಾಕ್ಟರು ಗಾಯದ ಅಂಚನ್ನು ಮೆಲ್ಲಗೆ ಕೆರೆದು, ಬಿಳಿ ಬಟ್ಟೆ ಒತ್ತಿ ತೆಗೆದರು. ಬಟ್ಟೆಯ ಮೇಲೆ ರಕ್ತ, ಕೆಂಪು ಕೆಂಪಾಗಿ.

“ರಕ್ತ ಹರೀತಿದೆ, ಜೀವ ಬಂದಿದೆ. ಪಾದ ಉಳೀತಮ್ಮಾ,” ಎಂದರು.

ನಾನು ಗೊಳೋ ಎಂದು ಅತ್ತುಬಿಟ್ಟೆ. ನರ್ಸು ಆ ಬಟ್ಟೆಯನ್ನು ಬಿಸಾಡಲು ಎತ್ತಿಕೊಂಡಳು. ದೊಡ್ಡಮ್ಮ ಅವಳ ಕೈ ಹಿಡಿದಳು. ಜನ್ಮವಿಡೀ ಬಟ್ಟೆಗೆ ರಕ್ತ ಕಂಡರೆ ಹೌಹಾರುತ್ತಿದ್ದವಳು, ಈಗ ಕಣ್ತುಂಬ ಆ ಕಲೆಯನ್ನೇ ನೋಡುತ್ತ ಹೇಳಿದಳು:

“ಇರು ತಾಯಿ, ಇನ್ನೊಂಚೂರು ನೋಡ್ತೀನಿ.”